ಮಳಿ ಬಂದ ದಿವಸದ ಲೆಕ್ಕ

ಹೋದ ಸಲ ರಂಜಕ ಅರಿಯೂದು ಹೆಂಗಂತ ಬರದಿದ್ದೆ. ಈ ಸಲ ಒಂದು ಆಟದ ಲೆಕ್ಕ ಬರೀತೀನಿ. ಅದೂ ನಮ್ಮ ಕಡೆ ಆಟ ಅಲ್ಲ, ಅಮೇರಿಕಾದ ಬೇಸ್‌ಬಾಲ್. ‘ಇಕಿಗೆ ಏನಾತವಾ ಒಮ್ಮೆಲೆ’ ಅಂತ ನಗಬ್ಯಾಡ್ರಿ. ಕಡೀತನಕ ಓದ್ರಿ, ಆಮ್ಯಾಲೆ ಬೇಕಾದ್ರ ನಗ್ರಿ.

ಬರೀಲಿಕ್ಕೆ ಕಾರಣ ಏನಂದ್ರ, ಹೋದ ಸೋಮವಾರ ಈಶ್ವರನ ಗುಡಿಯೊಳಗ ಒಬ್ಬಾಕಿ ಹುಡುಗಿ ಸಿಕ್ಕಿದ್ಲು. ಹೆಸರು ಬ್ಯಾಡ. ಹದಿನಾರು ಸೋಮವಾರದ ವ್ರತಾ ಹಿಡದಾಳ. ಹನ್ನೊಂದು ಮುಗದಿದ್ವು. ಹನ್ನೆರಡನೇ ಸೋಮವಾರ ಅವರಪ್ಪಗ ಆರಾಮಿಲ್ಲಂತ ದಿನಾಪೂರ್ತಿ ದವಾಖಾನಿಯೊಳಗ ಕೂಡಬೇಕಾತು. ಪೂಜಾ ಆಗಲಿಲ್ಲ. ಯಾರೋ ಹಿರ್ಯಾರು ‘ಮುರೀತಲ್ಲ, ಇನ್ನ ಮತ್ತ ಒಂದರಿಂದ ಹಿಡಿ’ ಅಂದಾರ. ಹುಡುಗಿ ಕಣ್ಣಾಗ ನೀರು ತುಂಬಕೊಂಡು ನಿಂತಿದ್ಲು. ಹನ್ನೊಂದು ಸೋಮವಾರ ಉಪಾಸ ಇದ್ದಿದ್ದು ಒಂದು ಮಾತಿಗೆ ಸೊನ್ನಿ ಆಗಿತ್ತು.

ನನಗ ಅಲ್ಲೆ ನಿಂತಲ್ಲೆ ಕ್ಲೀವ್‌ಲ್ಯಾಂಡ್ ನೆನಪಾತು. ನಿಮಗೆಲ್ಲಾ ಗೊತ್ತದ, 2017ರೊಳಗ ಮಗಳ ಬಾಣಂತನಕ್ಕಂತ ಅಮೇರಿಕಾಕ್ಕ ಹೋಗಿದ್ದೆ. ಓಹಾಯೋ ರಾಜ್ಯದಾಗ ಈರಿ ಅನ್ನೂ ದೊಡ್ಡ ಕೆರಿ ದಂಡಿಗೆ ಅದ ಆ ಊರು. ಕೆರಿ ಅಂದ್ರ ನಮ್ಮ ಉಣಕಲ್ ಕೆರಿ ಹಂಗಲ್ಲರಿ, ಆ ಕಡೆ ದಂಡಿ ಕಾಣೂದಿಲ್ಲ, ಸಮುದ್ರಧಂಗ ಇರ್ತದ. ಕೂಸು ಹುಟ್ಟಿ ದವಾಖಾನಿಯಿಂದ ಮನಿಗೆ ಬಂದಿದ್ದು ಆಗಸ್ಟ್ 24ಕ್ಕ. ಅವತ್ತ ರಾತ್ರಿ ಆ ಊರಿನ ಬೇಸ್‌ಬಾಲ್ ತಂಡ ಬಾಸ್ಟನ್ ತಂಡದ ಮ್ಯಾಲೆ ಗೆದ್ದಿತ್ತು. ತಂಡದ ಹೆಸರು ಆಗ ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ಅಂತ ಇತ್ತು. ನಾನು ನಮ್ಮವರ ಯಾರೋ ಆಡತಾರಂತ ತಿಳಕೊಂಡಿದ್ದೆ! ಅದು ಅಲ್ಲಿಯ ಮೂಲನಿವಾಸಿಗಳನ್ನ ಕರೀತಿದ್ದ ಹೆಸರಂತ. ಆ ಹೆಸರು ಛಲೋ ಅಲ್ಲ ಅಂತ ಈಗ ತಗದಾರ. 2022ರಿಂದ ಗಾರ್ಡಿಯನ್ಸ್ ಅಂತ ಇಟ್ಟಾರ.

ಮುಂದ ದಿನಾ ಅದ ಕತಿ. ನಮ್ಮ ಅಳಿಯಂದ್ರು ಆಫೀಸಿನಿಂದ ಬರೂದು, ಕೈಕಾಲು ತೊಳಕೊಂಡು ಕೂಸಿನ ಎತಗೊಂಡು ಟಿವಿ ಮುಂದ ಕೂಡೂದು. ‘ಅತ್ತಿಯವರ, ಇವತ್ತೂ ಗೆದ್ರು! ಕೂಸು ಮನಿಗೆ ಬಂದಾಗಿಂದ ಒಂದೂ ಸೋತಿಲ್ಲ ನೋಡ್ರಿ’ ಅನ್ನೂದು. ಮೊದಮೊದಲ ನಾ ಹೂಂ ಅಂತಿದ್ದೆ. ಆಮ್ಯಾಲೆ ಅಂಟಿನುಂಡಿ ಕಟಗೋತ ನಾನೂ ಒಂದು ಕಣ್ಣು ಟಿವಿ ಕಡೆ ಇಡಲಿಕ್ಕೆ ಹತ್ತಿದೆ.

ನಮಗ ಕ್ರಿಕೆಟ್ ಗೊತ್ತದಲ್ಲಾ, ಅದರಕಿಂತ ಇದು ಬ್ಯಾರೆ. ಒಂದ ತಂಡ ವರ್ಷಕ್ಕ 162 ಆಟ ಆಡಬೇಕು. ಮಾರ್ಚ್ ಕಡೀಕ ಇಲ್ಲಾ ಏಪ್ರಿಲ್‌ದಾಗ ಶುರು ಆತಂದ್ರ ಸೆಪ್ಟೆಂಬರ್ ಕಡೀತನಕ, ವಾರದಾಗ ಆರು ದಿವಸ ಆಟ ಇದ್ದ ಇರ್ತದ. ನಮ್ಮ ಅಡಗಿ ಮನಿ ಕೆಲಸ ಹೆಂಗ ಮುಗಿಯೂದಿಲ್ಲೋ ಹಂಗ. ಅಷ್ಟು ಆಟದಾಗ ಎಂಥಾ ತಂಡ ಇದ್ರೂ ಹತ್ತರಾಗ ನಾಕು ಸೋಲ್ತದ. ಅದಕ್ಕ ಹತ್ತು ಹನ್ನೆರಡು ಸಾಲಾಗಿ ಗೆದ್ರನ ಪೇಪರಿನಾಗ ದೊಡ್ಡ ಅಕ್ಷರದಾಗ ಬರ್ತದ. ಅದಕ್ಕ ಅವರು ಸ್ಟ್ರೀಕ್ ಅಂತಾರ. ನಾ ಸಾಲು ಅಂತೀನಿ.

ಪೇಪರಿನಾಗ ತಂಡಗೋಳ ಪಟ್ಟಿ ಬರ್ತದ. ಎಷ್ಟು ಗೆದ್ರು, ಎಷ್ಟು ಸೋತ್ರು ಅಂತ ಎರಡು ಖಾನೆ. ಬಾಜೂಕ ಈ ಸಾಲಿಂದ ಒಂದು ಸಣ್ಣ ಖಾನೆ. ಐದು ಸಾಲಾಗಿ ಗೆದ್ದಿದ್ರ ಡಬ್ಲ್ಯೂ 5 ಅಂತ. ಆರನೇದು ಸೋತ್ರ ಆ ಐದು ಅಲ್ಲೆ ಅಳಿಸಿಹೋಗಿ ಎಲ್ 1 ಅಂತ ಕೂಡತದ. ಗೆದ್ದ ಐದು ಗೆದ್ದವರ ಖಾನೆದಾಗ ಹಂಗ ಇರ್ತಾವ, ಸಾಲಿನ ಖಾನೆ ಮಾತ್ರ ಹೊಸದು. ಈ ಎರಡು ಖಾನೆ ಬ್ಯಾರೆಬ್ಯಾರೆ ಅನ್ನೂದನ್ನ ತಲಿಯೊಳಗ ಇಟಗೋರಿ, ಮುಂದ ಬೇಕಾಗ್ತದ.

ಆ ಮನಿ ಫ್ರಿಜ್ ಬಾಗಿಲ ಮ್ಯಾಲೆ ಇನ್ನೊಂದು ಪಟ್ಟಿ ಇತ್ತು. ಅದು ನನ್ನ ಮಗಳದು. ಕೂಸಿಗೆ ಆರು ತಿಂಗಳು ಬರೇ ತಾಯಿ ಹಾಲು ಕೊಡಬೇಕು, ಡಬ್ಬಿ ಹಾಲು ಮುಟ್ಟಸಬಾರದು ಅಂತ ಅಕಿದು ಹಟಾ. ಹಟಾ ಛಲೋದ. ಆದ್ರ ಅಕಿಗೆ ಹಾಲು ಬರೂದು ಮೊದಮೊದಲ ಭಾಳ ತ್ರಾಸ ಆತು. ಅಳವಿ ಪಾಯಸ, ಮೆಂತ್ಯಾ, ಸಬ್ಬಸಗಿ ಎಲ್ಲಾ ಮಾಡಿ ಹಾಕಿದೆ. ಕೂಸು ಮನಿಗೆ ಬಂದ ದಿವಸದಿಂದ ಅಕಿ ಆ ಪಟ್ಟಿ ಮ್ಯಾಲೆ ದಿನಕ್ಕೊಂದು ಬಂಗಾರಬಣ್ಣದ ಚುಕ್ಕಿ ಹಚ್ಚತಿದ್ಲು. ಸೆಪ್ಟೆಂಬರ್ 10ಕ್ಕ ಹದಿನೆಂಟು ಚುಕ್ಕಿ ಆದ್ವು. ಅವತ್ತ ಕ್ಲೀವ್‌ಲ್ಯಾಂಡ್ ತಂಡದ್ದೂ ಹದಿನೆಂಟನೇ ಗೆಲುವು. ಅಳಿಯಂದ್ರು ‘ತಾಯಿ ಒಂದು ತಂಡ, ಊರು ಒಂದು ತಂಡ’ ಅಂತ ಚೇಷ್ಟಾ ಮಾಡಿದ್ರು. ಮಗಳು ಎಷ್ಟೋ ದಿವಸದ ಮ್ಯಾಲೆ ನಕ್ಕಿದ್ಲು.

ಮರುದಿವಸ ಸಂಜೀಕ ಅಕಿಗೆ ಎದಿ ಕಟ್ಟಿ, ಬಾವು ಬಂದು, ಚಳಿಜ್ವರ ಏರಿತು. ಗದಗದ ನಡಗಲಿಕ್ಕೆ ಹತ್ತಿದ್ಲು. ದವಾಖಾನಿಗೆ ಒಯ್ದ್ರ ರಾತ್ರಿ ಅಲ್ಲೆ ಇಟಗೊಂಡ್ರು. ಕೂಸು ನನ್ನ ಕಡೆ ಮನಿಯಾಗ. ಹತ್ತು ಗಂಟೆಕ್ಕ ಹಸದು ಒದರಲಿಕ್ಕೆ ಶುರು ಮಾಡ್ತು. ಏನ್ ಮಾಡಲಿ ಹೇಳ್ರಿ? ಡಬ್ಬಿ ಹಾಲು ಕಲಿಸಿ ಬಾಟ್ಲಿಯೊಳಗ ಹಾಕಿ ಕುಡಿಸಿದೆ. ಗಟಗಟ ಕುಡದು ಮಲಗ್ತು. ರಾತ್ರಿ ಇನ್ನೂ ಎರಡು ಸಲ ಕುಡಿಸಿದೆ.

ಎರಡನೇ ದಿವಸ ಮಗಳು ಮನಿಗೆ ಬಂದ್ಲು. ಸಿಂಕಿನಾಗ ಬಾಟ್ಲಿ ನೋಡಿದ್ಲು. ಒಂದು ಮಾತಾಡಲಿಲ್ಲ. ಸೀದಾ ಹೋಗಿ ಫ್ರಿಜ್ ಮ್ಯಾಲಿನ ಪಟ್ಟಿ ಕಿತ್ತಿ, ಮುದ್ದಿ ಮಾಡಿ ಕಸದ ಡಬ್ಬ್ಯಾಗ ಹಾಕಿದ್ಲು. ‘ಎಲ್ಲಾ ಹೋತವ್ವಾ. ಹದಿನೆಂಟು ದಿವಸ ನಾ ಸತ್ತಿದ್ದು ಎಲ್ಲಾ ಹೋತು. ನನ್ನ ಕಡಿಂದ ಏನೂ ಆಗೂದಿಲ್ಲ’ ಅಂದ್ಲು. ಬಾಣಂತಿ ಹಂಗ ಅನ್ನಬಾರದು. ಅಂದ್ರ ಮನಸ್ಸಿಗೆ ಹತ್ತತದ. ನನಗ ಅಂಜಿಕಿ ಬಂತು. ಯಾಕಂದ್ರ ಎರಡು ದಿವಸ ಅಕಿ ಕೂಸಿನ ಕಡೆ ಸುದ್ದಾ ನೋಡಲಿಲ್ಲ. ‘ಬಾಟ್ಲಿನ ಕೊಡವಾ ಇನ್ನ, ಮುರದ ಮ್ಯಾಲೆ ಏನದ’ ಅಂತಿದ್ಲು.

ಅದ ವಾರ ಊರತುಂಬ ಒಂದು ವಾದ ನಡದಿತ್ತು. ಸೆಪ್ಟೆಂಬರ್ 12ಕ್ಕ ಕ್ಲೀವ್‌ಲ್ಯಾಂಡಿಂದು ಇಪ್ಪತ್ತಾತು. ಹದಿನೈದು ವರ್ಷದ ಹಿಂದ, 2002ರಾಗ, ಓಕ್‌ಲ್ಯಾಂಡ್ ಅನ್ನೂ ತಂಡ ಇಪ್ಪತ್ತು ಗೆದ್ದಿತ್ತು. ಆ ವರ್ಷದ ಮ್ಯಾಲೆ ಮನಿಬಾಲ್ ಅಂತ ಸಿನಿಮಾನೂ ಬಂದದ. 13ಕ್ಕ ಇಪ್ಪತ್ತೊಂದಾಗಿ ಓಕ್‌ಲ್ಯಾಂಡ್ ಹಿಂದ ಬಿತ್ತು. 1935ರಾಗ ಶಿಕಾಗೋ ಕಬ್ಸ್ ತಂಡದ್ದೂ 21 ಇತ್ತು. ಇನ್ನ ಮ್ಯಾಲೆ ಯಾರದಾರ? ಅಲ್ಲೆ ಜಗಳ. ದಾಖಲೆ ಪುಸ್ತಕದಾಗ 1916ರ ನ್ಯೂಯಾರ್ಕ್ ಜೈಂಟ್ಸ್ ತಂಡದ ಹೆಸರದ, 26 ಗೆಲುವು ಅಂತ. ಕೆಲವರು ಅದು ಖರೆ ಅಂತಾರ, ಕೆಲವರು ಅದು ಸಾಲ ಅಲ್ಲ ಅಂತಾರ.

ಯಾಕ ಅಂತ ಕೇಳಿದೆ. ಅಳಿಯಂದ್ರು ಚಹಾ ಕುಡಕೋತ ಹೇಳಿದ್ರು. ಆ ಜೈಂಟ್ಸ್ ತಂಡ 1916ರ ಸೆಪ್ಟೆಂಬರ್ 7ರಿಂದ ಗೆಲ್ಲಲಿಕ್ಕೆ ಶುರು ಮಾಡ್ತು. ಜಾನ್ ಮೆಕ್‌ಗ್ರಾ ಅನ್ನೂ ಭಾಳ ಸಿಟ್ಟಿನ ಮನಷ್ಯಾ ಅದರ ಮ್ಯಾನೇಜರ್. ಹನ್ನೆರಡು ಸಾಲಾಗಿ ಗೆದ್ರು. ಸೆಪ್ಟೆಂಬರ್ 18ಕ್ಕ ಪಿಟ್ಸ್‌ಬರ್ಗ್ ತಂಡದ ಜೋಡಿ ಒಂದ ದಿವಸಕ್ಕ ಎರಡು ಆಟ ಇದ್ವು. ಎರಡನೇದರಾಗ ಇವರದೂ ಒಂದು ರನ್, ಅವರದೂ ಒಂದು ರನ್. ಮಳಿ ಬಂತು. ಆಟ ಅಲ್ಲೆ ನಿಂತ ಬಿಟ್ಟಿತು. ಗೆಲವೂ ಇಲ್ಲ, ಸೋಲೂ ಇಲ್ಲ, ಸಮ. ಅದರ ಮುಂದ ಮತ್ತ ಹದಿನಾಲ್ಕು ಸಾಲಾಗಿ ಗೆದ್ರು. ಸೆಪ್ಟೆಂಬರ್ 30ಕ್ಕ ಬಾಸ್ಟನ್ ಮುಂದ ಸೋತ್ರು. ಹನ್ನೆರಡೂ ಹದಿನಾಲ್ಕೂ ಕೂಡಿ ಇಪ್ಪತ್ತಾರು. ಆದ್ರ ನಡುವ ಆ ಒಂದು ಮಳಿ ದಿವಸ ಅದ.

‘ಈಗ ಹೇಳ್ರಿ ಅತ್ತಿಯವರ, ಅದು ಇಪ್ಪತ್ತಾರೋ, ಇಲ್ಲಾ ಹನ್ನೆರಡು ಒಂದು, ಹದಿನಾಲ್ಕು ಒಂದೋ?’

ನಾ ಕೇಳಿದೆ, ‘ಆ ಮಳಿ ಬಂದ ಆಟದ್ದು ಮುಂದ ಏನ್ ಮಾಡಿದ್ರು?’

‘ಆಗಿನ ಕಾಯದೆ ಪ್ರಕಾರ ಸಮ ಆದ ಆಟ ಗೆಲುವು ಸೋಲಿನ ಪಟ್ಟಿಯೊಳಗ ಹಿಡೀತಿರಲಿಲ್ಲ. ಅದನ್ನ ಮತ್ತ ಮೊದಲಿಂದ ಆಡಬೇಕು.’

‘ಹಂಗಾರ ಅದು ಮುಗದ ಇಲ್ಲಲ್ಲಾ. ಮುಗೀಲಾರದ್ದು ಹೆಂಗ ಮುರೀತದ?’

ಅಳಿಯಂದ್ರು ಚಹಾದ ಕಪ್ಪು ಕೆಳಗಿಟ್ಟು ನನ್ನ ಮಾರಿ ನೋಡಿದ್ರು. ಬೇಸ್‌ಬಾಲ್‌ದವರ ಅಧಿಕೃತ ಲೆಕ್ಕ ಇಡೂ ಎಲಿಯಾಸ್ ಸ್ಪೋರ್ಟ್ಸ್ ಬ್ಯೂರೋದವರೂ 26ನ್ನ ದಾಖಲೆ ಅಂತ ಹಿಡದಾರಂತ. ಧಾರವಾಡದ ಅಡಗಿ ಮನಿಯೊಳಗ ಕಲತ ಲೆಕ್ಕನೂ ಅದ ಆತು.

ಎಲ್ಲಿಂದ ಕಲತೆ ಅಂತೀರಿ? ಅದ ಹದಿನಾರು ಸೋಮವಾರದಿಂದ. ನಮ್ಮವ್ವ ಹಿಡದಾಗ, ಆಮ್ಯಾಲೆ ನಾ ಹಿಡದಾಗ, ನಡುವ ಯಾವದರೆ ಸೋಮವಾರ ಕಡೀಗಾದ್ರ, ಇಲ್ಲಾ ಮನಿಯೊಳಗ ಸೂತಕ ಬಂದ್ರ, ನಮ್ಮ ಮನಿಯಾಗ ‘ಆ ಸೋಮವಾರ ಲೆಕ್ಕಕ್ಕಿಲ್ಲ’ ಅಂತಿದ್ರು. ಆಗ್ಯದ ಅಂತ ಎಣಸೂದಿಲ್ಲ, ಮುರದದ ಅಂತನೂ ಅನ್ನೂದಿಲ್ಲ. ಮುಂದಿನ ಸೋಮವಾರ ಅಲ್ಲಿಂದನ ಮುಂದ. ಕ್ಯಾಲೆಂಡರಿನ ಮ್ಯಾಲೆ ಅವ್ವ ಆ ದಿವಸ ಒಂದು ಸಣ್ಣ ಸೊನ್ನಿ ಹಾಕಿ ಬಿಡತಿದ್ಲು. ಹದಿನಾರು ಮುಗೀಬೇಕಾದ್ರ ಹದಿನೆಂಟು ಇಲ್ಲಾ ಇಪ್ಪತ್ತು ವಾರ ಹಿಡೀತಿತ್ತು. ಶಿವ ಏನೂ ಅಂದಿಲ್ಲ.

ನೋಡ್ರಿ, ಅಮೇರಿಕಾದವರೂ ಇದನ್ನ ಕಾಯದೆ ಪುಸ್ತಕದಾಗ ಬರದ ಇಟ್ಟಾರ. ತಂಡದ್ದಲ್ಲ, ಒಬ್ಬೊಬ್ಬ ಆಟಗಾರನ ಸಾಲಿಗೆ. ಜೋ ಡಿಮ್ಯಾಜಿಯೋ ಅಂತ ಒಬ್ಬಾಂವ 1941ರಾಗ ಸಾಲಾಗಿ 56 ಆಟದಾಗ ದಿನಕ್ಕ ಒಂದರೆ ಛಲೋ ಹೊಡತ ಹೊಡದಾನ. ಇವತ್ತಿಗೂ ಅದನ್ನ ಯಾರೂ ದಾಟಿಲ್ಲ. ಈಗ ಸಮಝಾ ಒಬ್ಬ ಆಟಗಾರ ಹಂಗ ಸಾಲಿನ್ಯಾಗ ಇದ್ದಾನ. ಬಾಲ್ ಹಾಕಾಂವ ಬೇಕಂತನ ಹೊರಗ ಹೊರಗ ಹಾಕಿದ. ನಾಕು ಸಲ ಹಂಗ ಹಾಕಿದ್ರ ಬ್ಯಾಟ್ ಹಿಡದಾಂವ ಹೊಡೀದನ ಒಂದನೇ ಬೇಸಿಗೆ ನಡಕೋತ ಹೋಗ್ತಾನ. ಅವತ್ತಿನ ಆಟದಾಗ ಪ್ರತಿ ಸಲನೂ ಹಂಗ ಆತು ಅಂದ್ರ, ಪಾಪ ಅವಂಗ ಹೊಡೀಲಿಕ್ಕೆ ಅವಕಾಶನ ಸಿಗಲಿಲ್ಲ. ಸಾಲು ಮುರೀತೇನು? ಇಲ್ಲ. ಬೆಳೀತೇನು? ಅದೂ ಇಲ್ಲ. ಮುಂದಿನ ಆಟಕ್ಕ ಎಲ್ಲಿತ್ತೋ ಅಲ್ಲಿಂದನ. ಆದ್ರ ಹೊಡೀಲಿಕ್ಕೆ ಸರಿಯಾಗಿ ಅವಕಾಶ ಸಿಕ್ಕು ಹೊಡೀಲಿಲ್ಲ ಅಂದ್ರ ಮುರೀತು. ಅದರಾಗ ದಯಾ ಇಲ್ಲ.

ಈ ಕಾಯದೆ ಮಾಡಿದಾಂವ ಯಾರೋ ಏನೋ, ಅವನ ಮನಿಯಾಗ ಒಬ್ಬಾಕಿ ಶಾಣ್ಯಾ ಅವ್ವ ಇದ್ದಿರಬೇಕು.

ಇನ್ನ ನಿಮ್ಮೊಳಗ ಕ್ರಿಕೆಟ್ ನೋಡಾವ್ರು ಕೇಳಬಹುದು, ‘ಟೆಸ್ಟ್ ಮ್ಯಾಚಿನಾಗ ಡ್ರಾ ಆದ್ರ ಗೆಲುವಿನ ಸಾಲು ಮುರೀತದಲ್ಲಾ, ಇದು ಹೆಂಗ ಬ್ಯಾರೆ?’ ಅಂತ. ಬರೋಬ್ಬರಿ ಪ್ರಶ್ನೆ. ಆಸ್ಟ್ರೇಲಿಯಾದವರು ಸಾಲಾಗಿ 16 ಟೆಸ್ಟ್ ಗೆದ್ದು ಕೋಲ್ಕತ್ತಾಕ್ಕ ಬಂದಾಗ, 2001ರಾಗ, ಲಕ್ಷ್ಮಣ್ 281, ನಮ್ಮ ದ್ರಾವಿಡ್ 180 ಹೊಡದು ಆ ಸಾಲಿಗೆ ಪೂರ್ಣವಿರಾಮ ಹಾಕಿದ್ದು ನಿಮಗೆಲ್ಲಾ ನೆನಪದ. ಅವತ್ತ ಅವರು ಸೋಲಲಾರದ ಬರೇ ಡ್ರಾ ಮಾಡಕೊಂಡಿದ್ರೂ ಗೆಲುವಿನ ಸಾಲು ಮುರೀತಿತ್ತು. ಯಾಕಂದ್ರ ಟೆಸ್ಟಿನಾಗ ಡ್ರಾ ಅಂದ್ರ ಅದು ಒಂದು ಪೂರಾ ಮುಗದ ಮ್ಯಾಚು. ಅದನ್ನ ಮತ್ತ ಯಾರೂ ಆಡೂದಿಲ್ಲ. ಅದಕ್ಕ ಕ್ರಿಕೆಟಿನಾಗ ‘ಸಾಲಾಗಿ ಗೆದ್ದದ್ದು’ ಬ್ಯಾರೆ, ‘ಸೋಲಲಾರದ ನಡದದ್ದು’ ಬ್ಯಾರೆ ಅಂತ ಎರಡು ಹೆಸರವ. ಬೇಸ್‌ಬಾಲ್‌ದಾಗ ಹಂಗಲ್ಲ. ಅಲ್ಲೆ ಸಮ ಅನ್ನೂದು ಫಲಿತಾಂಶನ ಅಲ್ಲ. ಒಂಬತ್ತು ಇನ್ನಿಂಗ್ಸಿನಾಗ ಸಮ ಇದ್ರ ಹತ್ತು, ಹನ್ನೊಂದು, ಯಾರರೆ ಗೆಲ್ಲೂತನಕ ಆಡಬೇಕು. 1916ರಾಗ ಮೈದಾನಕ್ಕ ದೀಪ ಸುದ್ದಾ ಇರಲಿಲ್ಲ. ಮಳಿ ಬಂದ್ರ, ಕತ್ತಲಾದ್ರ ನಿಲ್ಲಿಸಬೇಕಿತ್ತು. ಈಗ 2007ರಿಂದ ಕಾಯದೆ ತಿದ್ದ್ಯಾರ. ಸಮ ಇದ್ದಾಗ ಮಳಿ ಬಂದು ನಿಂತ್ರ, ಆಮ್ಯಾಲೆ ನಿಂತಲ್ಲಿಂದನ ಮುಂದುವರಸ್ತಾರ. ಅಂದ್ರ ಈ ಜಗಳ ಇನ್ನ ಹುಟ್ಟೂದು ಭಾಳ ಕಡಿಮಿ.

ಆದ್ರ ನಾ ಒಂದು ಕಡೆನ ಮಾತಾಡಲಿಕ್ಕೆ ಹತ್ತಿಲ್ಲ. ವಿರುದ್ಧ ವಾದ ಮಾಡಾವ್ರ ಮಾತಿನಾಗೂ ಅರ್ಥದ. ಕ್ಲೀವ್‌ಲ್ಯಾಂಡಿನ ಹುಡುಗರು ಆಗಸ್ಟ್ 24ರಿಂದ ಸೆಪ್ಟೆಂಬರ್ 14ರತನಕ 22 ದಿವಸದಾಗ 22 ಗೆದ್ರು. ನಡುವ ಒಂದೂ ಸಮ ಇಲ್ಲ. ಇಪ್ಪತ್ತೆರಡನೇದಂತೂ ನಾನೂ ಎದ್ದು ನಿಂತು ನೋಡಿದೆ. ಕಾನ್ಸಾಸ್ ಸಿಟಿ ತಂಡದ ಜೋಡಿ ಆಟ. ಒಂದು ರನ್ನಿನಿಂದ ಹಿಂದ ಇದ್ರು. ಒಂಬತ್ತನೇ ಇನ್ನಿಂಗ್ಸ್, ಇಬ್ಬರು ಔಟ್, ಇನ್ನೊಂದು ಸ್ಟ್ರೈಕ್ ಆದ್ರ ಮುಗೀತು. ಫ್ರಾನ್ಸಿಸ್ಕೋ ಲಿಂಡೋರ್ ಅನ್ನೂ ಹುಡುಗ ಬಾಲನ್ನ ಗ್ವಾಡಿಗೆ ಹೊಡದ, ಸಮ ಆತು. ಹತ್ತನೇದರಾಗ ಜೇ ಬ್ರೂಸ್ ಹೊಡದು 3–2ಕ್ಕ ಗೆಲ್ಲಿಸಿದ. ಕೂಸು ನಮ್ಮ ಗದ್ದಲಕ್ಕ ಎದ್ದು ಅಳಲಿಕ್ಕೆ ಹತ್ತಿತು. ನಡುವ ಎಲ್ಲೂ ತಡೀಲಾರದ ಗೆದ್ದವರೊಳಗ ಇಂಥಾ ಉದ್ದನ ಸಾಲು ಬ್ಯಾರೆ ಯಾರದೂ ಇಲ್ಲ. ಅದನ್ನ ‘26ಕ್ಕಿಂತ ಕಡಿಮಿ’ ಅಂತ ಹೇಳಿ ಬಿಡೂದೂ ಅನ್ಯಾಯನ.

ಅದಕ್ಕ ನನ್ನ ಅಭಿಪ್ರಾಯ ಇಷ್ಟು. ಬರೇ ಒಂದು ಅಂಕಿ ಬರದ್ರ ಲೆಕ್ಕ ಅಲ್ಲ. ಪುಸ್ತಕದಾಗ ಹಿಂಗ ಬರೀಬೇಕು: ಜೈಂಟ್ಸ್ 26, ನಡುವ ಒಂದು ಮಳಿ. ಕ್ಲೀವ್‌ಲ್ಯಾಂಡ್ 22, ನಡುವ ಏನಿಲ್ಲ. ಎರಡೂ ಖರೆ, ಎರಡೂ ಬ್ಯಾರೆ ಥರದ ಗೆಲುವು. ಮಳಿನ ಮುಚ್ಚೂದೂ ಬ್ಯಾಡ, ಮಳಿ ಸಲುವಾಗಿ ಹನ್ನೆರಡು ಗೆಲುವು ನೀರಾಗ ಹಾಕೂದೂ ಬ್ಯಾಡ.

ಇನ್ನೊಂದು ಮಾತು. ಲೆಕ್ಕದ ಕಾಯದೆ ಆಟದಕಿಂತ ಮೊದಲ ಇರಬೇಕು, ಆಟ ಆದ ಮ್ಯಾಲೆ ಮಾಡಬಾರದು. 1912ರಾಗ ರೂಬ್ ಮಾರ್ಕ್ವಾರ್ಡ್ ಅನ್ನೂ ಪಿಚರ್, ಅಂವನೂ ಜೈಂಟ್ಸ್ ತಂಡದಾಂವನ, ಸಾಲಾಗಿ 19 ಆಟ ಗೆದ್ದ. ಅವನ ಇನ್ನೊಂದು ಗೆಲುವನ್ನ ಆಗಿನ ಪದ್ಧತಿ ಪ್ರಕಾರ ಅದ ಆಟ ಶುರು ಮಾಡಿದ್ದ ಬ್ಯಾರೆ ಪಿಚರ್ ಹೆಸರಿಗೆ ಹಾಕಿದ್ರು. ಈಗಿನ ಕಾಯದೆ ಹಚ್ಚಿದ್ರ ಅದು ಇವನದ ಆಗಿ 20 ಆಗ್ತದ. ಆದ್ರ ಪುಸ್ತಕದಾಗ 19 ಅಂತನ ಅದ. ಅದ ತಂಡದ ಕಾರ್ಲ್ ಹಬಲ್ ಅನ್ನೂ ಪಿಚರ್ 1936 ಮತ್ತ 37 ಎರಡು ವರ್ಷ ಕೂಡಿ ಸಾಲಾಗಿ 24 ಗೆದ್ದಾನ. ಆ ಎರಡು ವರ್ಷದ ನಡುವ ವರ್ಲ್ಡ್ ಸೀರೀಸ್ ಅನ್ನೂ ದೊಡ್ಡ ಫೈನಲ್ ಆಟದಾಗ ಒಂದು ಸೋತಾನ! ಆದ್ರೂ ಸಾಲು ಮುರೀಲಿಲ್ಲ. ಯಾಕಂದ್ರ ಫೈನಲ್‌ದ ವಹಿನ ಬ್ಯಾರೆ. ನಮ್ಮ ಮನಿಯೊಳಗ ದಿನಸಿ ಖರ್ಚಿನ ವಹಿ ಬ್ಯಾರೆ, ಮದುವಿ ಮುಂಜಿವಿ ವಹಿ ಬ್ಯಾರೆ ಇಡತೀವಲ್ಲಾ ಹಂಗ. ನನಗ ಅದು ಪೂರಾ ಮನಸ್ಸಿಗೆ ಬರಲಿಲ್ಲ, ಸೋತದ್ದು ಸೋತದ್ದ ಅಲ್ಲೇನು? ಆದ್ರ ಎರಡು ವಹಿ ಮೊದಲಿಂದ ಇದ್ವು, ಅವನ ಸಲುವಾಗಿ ಹೊಸದು ತಗೀಲಿಲ್ಲ. ಅದಕ್ಕ ಒಪ್ಪಿಕೊಂಡೆ.

‘ಹಂಗಾರ ಎಲ್ಲಾರೂ ತಮ್ಮ ಸೋಲಿಗೆ ಮಳಿ ಅಂತ ಹೆಸರಿಡತಾರಲ್ಲಾ’ ಅಂತ ನಮ್ಮನಿಯವರು ಫೋನಿನಾಗ ಕೇಳಿದ್ರು. ಇಡಬಾರದು. ನಾ ಮೂರು ಮಾತು ಕೇಳತೀನಿ. ನಿನ್ನ ಕೈಯಾಗ ಇತ್ತೋ, ಇಲ್ಲಾ ಹೊರಗಿಂದ ಬಂತೋ? ಕಾಯದೆ ಮೊದಲಿಂದ ಹಂಗ ಇತ್ತೋ, ಇಲ್ಲಾ ಈಗ ನಿನಗ ಬೇಕಾದಂಗ ಮಾಡಿದೇನು? ಆ ದಿವಸನ್ನ ವಹಿಯೊಳಗ ಬರದೀಯೋ, ಇಲ್ಲಾ ಮುಚ್ಚೀಯೋ? ಮೂರಕ್ಕೂ ಸೀದಾ ಉತ್ತರ ಇದ್ರ ಅದು ಮಳಿ. ಆಲಸ್ಯಕ್ಕ ಪೂಜಾ ಬಿಟ್ಟು ‘ಲೆಕ್ಕಕ್ಕಿಲ್ಲ’ ಅಂದ್ರ ಅದು ಸೋಲು.

ಸೋಲಿಗೆ ಸೋಲು ಅಂತನ ಅನ್ನಬೇಕು. ಸೆಪ್ಟೆಂಬರ್ 15ಕ್ಕ ಕ್ಲೀವ್‌ಲ್ಯಾಂಡ್ 4–3ಕ್ಕ ಸೋತ್ರು. ಒಂದ ರನ್ನಿನಿಂದ. ಯಾರೂ ‘ಒಂದ ರನ್ ಅಲ್ಲಾ, ಬಿಡ್ರಿ’ ಅನ್ನಲಿಲ್ಲ. ಮರುದಿವಸ ಪಟ್ಟಿಯೊಳಗ ಡಬ್ಲ್ಯೂ 22 ಇದ್ದಲ್ಲೆ ಎಲ್ 1 ಅಂತ ಬಂತು. ಇಪ್ಪತ್ತೆರಡು ದಿವಸದ ಮ್ಯಾಲೆ ಆ ಒಂದು ಅಂಕಿ ನೋಡಿ ನನಗ ಕಸಿವಿಸಿ ಆತು. ಆದ್ರ ಸೋತ ರಾತ್ರಿ ಏನಾತು ಗೊತ್ತದೇನು? ಮೈದಾನದ ಮಂದಿ ಎದ್ದು ನಿಂತು ಚಪ್ಪಾಳಿ ಹೊಡದ್ರು. ಒಳಗ ಹೋದ ಆಟಗಾರರು ಹೊರಗ ಬಂದು ಟೊಪಗಿ ತಗದು ಕೈ ಮಾಡಿದ್ರು. ಸಾಲು ಮುಗೀತು, ಆದ್ರ ಆ ಇಪ್ಪತ್ತೆರಡು ಎಲ್ಲೂ ಹೋಗಲಿಲ್ಲ. ಗೆದ್ದವರ ಖಾನೆಯೊಳಗ ಹಂಗ ಕೂತಾವ. ಆ ವರ್ಷ ಒಟ್ಟ 102 ಗೆದ್ರು, 60 ಸೋತ್ರು.

ಮತ್ತ ಇನ್ನೊಂದು ಮಜಾ ಕೇಳ್ರಿ. ಇಪ್ಪತ್ತಾರು ಗೆದ್ದ ಜೈಂಟ್ಸ್ 1916ರಾಗ ಎಷ್ಟನೇ ನಂಬರ್ ಬಂದ್ರು ಅಂತೀರಿ? ನಾಕನೇ! ಅದ ವರ್ಷ ಮೇ ತಿಂಗಳದಾಗ ಬ್ಯಾರೆ ಊರಿನಾಗ ಸಾಲಾಗಿ 17 ಸುದ್ದಾ ಗೆದ್ದಿದ್ರು. ಆದ್ರೂ ನಾಕನೇ. ಯಾಕಂದ್ರ ಉಳದ ದಿವಸಗೋಳೂ ಲೆಕ್ಕಕ್ಕವ. ಕ್ಲೀವ್‌ಲ್ಯಾಂಡ್ ಅಕ್ಟೋಬರದಾಗ ನ್ಯೂಯಾರ್ಕ್ ಯಾಂಕೀಸ್ ಮುಂದ ಸೋತು ಮನಿಗೆ ಬಂತು. ಅಂದ್ರ ಸಾಲು ಅನ್ನೂದು ನೋಡಲಿಕ್ಕೆ ಛಂದ, ಆದ್ರ ಬದುಕು ನಡಿಯೂದು ಒಟ್ಟ ಲೆಕ್ಕದ ಮ್ಯಾಲೆ.

ನಮ್ಮ ಹೆಣ್ಣುಮಕ್ಕಳ ಲೆಕ್ಕ ಮಾತ್ರ ಎಲ್ಲಾರೂ ಸಾಲಿನ ಖಾನೆಯೊಳಗ ಇಡತಾರ. ನಾ ನಮ್ಮತ್ತಿಯವರನ್ನ ಅವರು ಹಾಸಿಗಿ ಹಿಡದ ಮ್ಯಾಲೆ ಏಳು ವರ್ಷ ನೋಡಿಕೊಂಡೆ. ನಮ್ಮ ತಮ್ಮನ ಮದುವಿಗೆ ಅಂತ ಒಂದ ಒಂದು ರಾತ್ರಿ ತವರುಮನಿಯಾಗ ಉಳದೆ. ಅವತ್ತ ಅವರಿಗೆ ಗುಳಿಗಿ ಕೊಡೂದು ತಡಾ ಆತು. ಇವತ್ತಿಗೂ ಬಂಧುಬಳಗದಾಗ ಯಾರರೆ ಆ ರಾತ್ರಿ ಮಾತು ತಗೀತಾರ. ಏಳು ವರ್ಷದ್ದು ಯಾರೂ ತಗಿಯೂದಿಲ್ಲ. ಎಲ್ 1 ಅಂತ ಬರದು ಪೆನ್ನು ಮುಚ್ಚಿ ಇಟ್ಟಾರ. ಅವರು ಬರದ್ರ ಬರೀಲಿ, ಅದಕ್ಕ ನಾ ಈಗ ಅಳೂದಿಲ್ಲ. ಆದ್ರ ಅದ ಪೆನ್ನನ್ನ ನಾವು ನಮ್ಮ ಮ್ಯಾಲೆನ ನಡಸ್ತೀವಲ್ಲಾ, ಅದು ನನಗ ಸಂಕಟ. ನನ್ನ ಮಗಳು ಅದನ್ನ ಮಾಡಿದ್ಲು. ಗುಡಿಯಾಗ ಸಿಕ್ಕ ಆ ಹುಡುಗಿನೂ ಅದನ್ನ ಮಾಡಲಿಕ್ಕೆ ಹತ್ತಿದ್ಲು.

ಮಗಳದು ಏನಾತು ಅಂತ ಕೇಳತೀರಿ, ಹೇಳತೀನಿ. ಅವತ್ತ ಜೈಂಟ್ಸ್ ಕತಿ ನಡದಾಗ ಅಕಿ ಒಳಗ ಮಲಗಿದ್ಲು, ಆದ್ರ ಎಲ್ಲಾ ಕೇಳಿಸಿಕೊಂಡಿದ್ಲು. ನಾ ಕಸದ ಡಬ್ಬಿಯಿಂದ ಆ ಪಟ್ಟಿ ತಗದು, ಕೈಯಿಂದ ಸಾಪ ಮಾಡಿ ಎತ್ತಿ ಇಟ್ಟಿದ್ದೆ. ಚಹಾದ ಕಲಿ ಹತ್ತಿತ್ತು. ರಾತ್ರಿ ಅಕಿ ಕೂಸಿಗೆ ಹಾಲು ಕುಡಿಸಿ ಹೊರಗ ಬಂದ್ಲು. ‘ಅವ್ವಾ, ಆ ಪಟ್ಟಿ ಎಲ್ಲದ?’ ಅಂದ್ಲು. ಕೊಟ್ಟೆ. ಹದಿನೆಂಟು ಚುಕ್ಕಿ ಆದ ಮ್ಯಾಲೆ, ಜ್ವರದ ದಿವಸದ ಮನಿಯೊಳಗ, ಪೆನ್ಸಿಲಿನಿಂದ ಒಂದು ಸಣ್ಣ ಸೊನ್ನಿ ಬರದ್ಲು. ‘ಮಳಿ’ ಅಂತ ಕೆಳಗ ಬರದ್ಲು. ತಿರಗಿ ಫ್ರಿಜ್ಜಿಗೆ ಹಚ್ಚಿದ್ಲು. ಎರಡು ಮೂರು ಮಳಿ ದಿವಸ ಆಮ್ಯಾಲೆನೂ ಬಂದ್ವು. ಕೂಸು ಗುಂಡುಗುಂಡಕ ಬೆಳೀತು. ಈಗ ಸಾಲಿಗೆ ಹೋಗ್ತದ, ನನಗನ ಬೇಸ್‌ಬಾಲ್ ಕಲಸ್ತದ.

ಗುಡಿಯ ಹುಡುಗಿಗೆ ನಾ ಹೇಳಿದ್ದು ಇಷ್ಟ: ‘ತಂಗಿ, ನೀ ಆಲಸ್ಯ ಮಾಡಿ ಬಿಟ್ಟಿಲ್ಲ. ಅಪ್ಪನ ಹಾಸಿಗಿ ಬಾಜೂಕ ಕೂತಿದ್ದಿ. ಹನ್ನೊಂದು ನಿಂದು. ಅವತ್ತಿಂದು ಸೊನ್ನಿ ಹಾಕು. ಬರೂ ಸೋಮವಾರ ಹನ್ನೆರಡು.’ ನಿಮ್ಮ ನಿಮ್ಮ ಮನಿ ಪದ್ಧತಿ ಬ್ಯಾರೆ ಇದ್ರ ನಾ ಜಗಳಾ ಮಾಡೂದಿಲ್ಲ. ನಿಮ್ಮ ಹಿರ್ಯಾರನ್ನ ಕೇಳ್ರಿ. ಆದ್ರ ಕೇಳೂ ಮುಂದ ‘ಮುರೀತೇನು’ ಅಂತ ಕೇಳಬ್ಯಾಡ್ರಿ. ‘ಆ ದಿವಸ ಲೆಕ್ಕಕ್ಕ ಅದ ಏನು’ ಅಂತ ಕೇಳ್ರಿ. ಪ್ರಶ್ನೆ ಬದಲಾದ್ರ ಉತ್ತರನೂ ಬದಲಾಗ್ತದ.

ಹೊರಗ ಖರೇನ ಮಳಿ ಹನಿ ಬೀಳಲಿಕ್ಕೆ ಹತ್ಯಾವ, ಮಾಳಿಗಿ ಮ್ಯಾಲೆ ಸಂಡಿಗಿ ಒಣ ಹಾಕೇನಿ. ಅವನ್ನ ಒಳಗ ತರಬೇಕು. ಮುಂದಿನ ಸಲ ಸಂಡಿಗಿ ಬಗ್ಗೆನ ಬರೀತೀನಿ, ಉಳದ್ರ. ಬರ್ತೀನ್ರಿ.